ಮುಳ್ಳು ಸುಳ್ಳು ಹೇಳಿದಾಗ

ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು ತಾಳವಾಡಿಯಿಂದ ಸತ್ಯಮಂಗಲಕ್ಕೆ ಬೈಕಿನಲ್ಲಿ ಹೋಗುವವರು ನಿಮ್ಮಲ್ಲಿ ಹಲವರಿದ್ದೀರಿ. ದಾರಿಯಲ್ಲಿ ಸ್ಪೀಡೋಮೀಟರಿನ ಮುಳ್ಳು ಕುಣಿಯತೊಡಗಿದರೆ ಹೊಸ ಮೀಟರಿಗೆ ದುಡ್ಡು ಸುರಿಯಲು ಅವಸರ ಮಾಡಬೇಡಿ.

ಕೇಬಲ್ ಇರುವ ಹಳೆಯ ಗಾಡಿಗಳ ಮಾತು ಇದು. ಮುಂದಿನ ಚಕ್ರದ ಹಲ್ಲುಗಾಲಿ ಕೇಬಲನ್ನು ತಿರುಗಿಸುತ್ತದೆ. ಕೇಬಲು ಮೀಟರಿನೊಳಗಿನ ಅಯಸ್ಕಾಂತವನ್ನು. ಅದರ ಸೆಳೆತಕ್ಕೆ ಅಲ್ಯೂಮಿನಿಯಂ ಬಟ್ಟಲು ಹೊರಳಿ ಮುಳ್ಳು ಏಳುತ್ತದೆ. ಕಿಲೋಮೀಟರ್ ಅಂಕಿಗಳು ಓಡುವುದೂ ಅದೇ ಕೇಬಲಿನಿಂದ. ಆದ್ದರಿಂದ ಮೊದಲು ಅಂಕಿ ನೋಡಿ. ಎರಡೂ ನಿಂತಿದ್ದರೆ ಕೇಬಲ್ ತುಂಡಾಗಿರಬಹುದು, ಇಲ್ಲವೇ ಚಕ್ರದ ಬಳಿಯ ಹಲ್ಲು ಸವೆದಿರಬಹುದು. ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ಮಲಗಿದ್ದರೆ ದೋಷ ಮೀಟರಿನೊಳಗೇ. ಮುಳ್ಳು ಕುಣಿಯುತ್ತಿದ್ದರೆ ಹೆಚ್ಚಾಗಿ ಕೇಬಲ್ ಒಣಗಿರುತ್ತದೆ ಅಥವಾ ಎಲ್ಲೋ ಸೊಟ್ಟಗಾಗಿರುತ್ತದೆ. ಒಳತಂತಿ ಎಳೆದು, ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ. ಮೀಟರಿನ ಕಡೆಯ ಎರಡಂಗುಲ ಬಿಟ್ಟುಬಿಡಿ. ಗ್ರೀಸ್ ಒಳಗೇರಿದರೆ ಮೀಟರೇ ಕೆಡುತ್ತದೆ.

ಸರಿಯಾಯಿತೇ ಎಂದು ತಿಳಿಯಲು ಸಮತಟ್ಟು ರಸ್ತೆಯ ಕಿಲೋಮೀಟರ್ ಕಲ್ಲುಗಳೇ ಸಾಕು. ಮುಳ್ಳು 60ರಲ್ಲಿ ನಿಂತಿದ್ದರೆ ಕಲ್ಲಿನಿಂದ ಕಲ್ಲಿಗೆ 60 ಸೆಕೆಂಡು ಹಿಡಿಯಬೇಕು. 66 ಹಿಡಿದರೆ ನಿಜವಾದ ವೇಗ ಸುಮಾರು 55. ಗಡಿಯಾರವನ್ನು ಹಿಂದೆ ಕೂತವರು ನೋಡಲಿ, ನೀವಲ್ಲ!

ಪೆಟ್ರೋಲ್ ಮುಳ್ಳನ್ನಂತೂ ಘಾಟಿಯಲ್ಲಿ ನಂಬಲೇಬೇಡಿ. ಗಾಡಿ ಏರಿನಲ್ಲೋ ಇಳಿಜಾರಿನಲ್ಲೋ ವಾಲಿದಾಗ ಪೆಟ್ರೋಲು ಒಂದು ಬದಿಗೆ ಸರಿದು, ಟ್ಯಾಂಕಿನೊಳಗಿನ ತೇಲುವ ಬುರುಡೆ ತಪ್ಪು ಲೆಕ್ಕ ಕೊಡುತ್ತದೆ. ಹೊರಡುವ ಮೊದಲೇ ಸಮನೆಲದಲ್ಲಿ ನಿಲ್ಲಿಸಿ, ಮುಚ್ಚಳ ತೆಗೆದು ಕಣ್ಣಾರೆ ನೋಡಿ. ಕತ್ತಲಿದ್ದರೆ ಟಾರ್ಚು ಹಿಡಿಯಿರಿ, ಬೆಂಕಿಕಡ್ಡಿ ಗೀರಬೇಡಿ.