ಬೀಸುಕಲ್ಲಿನ ಹಾಡು, ಮಕ್ಕಳ ನೋಟಬುಕ್ಕು

1937ರಲ್ಲಿ ಐರ್ಲೆಂಡಿನಲ್ಲಿ ಒಂದು ದೊಡ್ಡ ಕೆಲಸ ಶುರುವಾಯಿತು. ಸುಮಾರು 5,000 ಶಾಲೆಗಳ ಮಕ್ಕಳು ಮನೆಯ, ಓಣಿಯ ಹಿರಿಯರ ಮುಂದೆ ಕೂತು ಕತೆ, ಮನೆಮದ್ದು, ಊರಿನ ನಂಬಿಕೆಗಳನ್ನು ಕೇಳಿ ಬರೆದುಕೊಂಡರು. ಆ ನಾಡು ಅವನ್ನು ಇಂದಿಗೂ ಅಭಿಮಾನದಿಂದ ಜೋಪಾನ ಮಾಡಿದೆ.

ಅಗರಖೇಡದ ನಮಗೆ ಇದು ಹೊಸದಲ್ಲ. ನಮ್ಮ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಯಾರ ಆದೇಶಕ್ಕೂ ಕಾಯದೆ ಹೆಣ್ಣುಮಕ್ಕಳ ಹಾಡು ಕೂಡಿಸಿದರು. 1931ರಲ್ಲೇ ‘ಗರತಿಯ ಹಾಡು’ ಅಚ್ಚಾಯಿತು. ನಸುಕಿನಲ್ಲಿ ಜೋಳ ಬೀಸುತ್ತ, ತವರು ನೆನೆಯುತ್ತ, ತೊಟ್ಟಿಲು ತೂಗುತ್ತ ಕಟ್ಟಿದ ತ್ರಿಪದಿಗಳವು. ಎಂಥ ಹಾಡುಗಳು! ಕಟ್ಟಿದವರ ಹೆಸರು ಮಾತ್ರ ಉಳಿಯಲಿಲ್ಲ, ಅದೇ ನನ್ನ ಸಂಕಟ. ನಿಮ್ಮ ಮನೆಯ ಆಯಿ ಹಾಡಿದರೆ ಮೊಬೈಲಿನಲ್ಲಿ ಹಿಡಿದಿಡಿ. ಅವರ ಹೆಸರು, ತವರೂರು, ಹಾಡಿದ ದಿನ ಸೇರಿಸಿ ಬರೆದಿಡಿ.