ಕಡಲೆಕಾಳಿನಷ್ಟು ಗ್ರಂಥಿ

ಪದಗಳ ಮೂಲ ಕೆದಕುವುದು ನನ್ನಂಥ ಕನ್ನಡ ಮೇಷ್ಟರ ಹಳೆಯ ಚಾಳಿ. ಮೆದುಳಿನ ಬುಡದಲ್ಲಿ ತೂಗುವ, ಅರ್ಧ ಗ್ರಾಮಿನಷ್ಟು ತೂಕದ ಪಿಟ್ಯುಟರಿ ಗ್ರಂಥಿಗೆ ಆ ಹೆಸರು ಬಂದದ್ದು ಕಫವೆಂಬ ಅರ್ಥದ ಲ್ಯಾಟಿನ್ ಪದದಿಂದ. ಮೆದುಳಿನ ಶ್ಲೇಷ್ಮವನ್ನು ಮೂಗಿಗೆ ಇಳಿಸುವ ಅಂಗವಿದೆಂದು ಗೇಲನ್ ನಂಬಿದ್ದ. 1543ರಲ್ಲಿ ಅಂಗರಚನೆಯ ಮಹಾಗ್ರಂಥ ಪ್ರಕಟಿಸಿದ ವೆಸೇಲಿಯಸನೂ ಹಾಗೆಯೇ ಕರೆದ. ಹಿಂದಿಯ ಪಠ್ಯಗಳಲ್ಲಿ ಮಾತ್ರ ಇದು ಪೀಯೂಷ ಗ್ರಂಥಿ. ಕಫವೆಲ್ಲಿ, ಅಮೃತವೆಲ್ಲಿ! ನಿಜಕ್ಕೆ ಹತ್ತಿರವಾದದ್ದು ಎರಡನೆಯದೇ ಎಂಬುದನ್ನು ನನ್ನ ತಮ್ಮನ ಕಾಯಿಲೆ ಕಲಿಸಿತು.

ಒಂದು ಬೆಳಗ್ಗೆ ಅವನಿಗೆ ಸಿಡಿಲೆರಗಿದಂಥ ತಲೆನೋವು ಬಂದು ಪ್ರಜ್ಞೆ ತಪ್ಪಿತು. ಮೆದುಳಿನ ಅಪಧಮನಿಯೊಂದರ ಗೋಡೆ, ಸವೆದ ಸೈಕಲ್ ಟ್ಯೂಬಿನಂತೆ ಒಂದೆಡೆ ಉಬ್ಬಿ ಒಡೆದಿತ್ತು. ಇದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಶಸ್ತ್ರವೈದ್ಯರು ಉಬ್ಬಿನ ಬುಡಕ್ಕೆ ಲೋಹದ ಕ್ಲಿಪ್ಪು ಹಾಕಿ ಪ್ರಾಣ ಉಳಿಸಿದರು. ಮನೆಯಲ್ಲಿ ಪಾಯಸವಾಯಿತು.

ಆರು ತಿಂಗಳಾದರೂ ಆತ ಹಾಸಿಗೆ ಬಿಡಲಿಲ್ಲ. ಬೇಸಿಗೆಯಲ್ಲೂ ಶಾಲು, ಅನ್ನ ಕಂಡರೆ ಬೇಡ, ಎದ್ದು ನಿಂತರೆ ಕಣ್ಣು ಕತ್ತಲೆ. ಗಡ್ಡ ಕೂಡ ನಿಧಾನವಾಗಿ ಬೆಳೆಯುತ್ತಿತ್ತು. "ಸಾವನ್ನೇ ಗೆದ್ದು ಬಂದವನು ಹೀಗೆ ಮಲಗಿದರೆ ಹೇಗೋ?" ಎಂದು ಗದರಿದೆ. "ಅಣ್ಣಾ, ಏಳಬೇಕೆಂಬ ಆಸೆಯಿದೆ, ಏಳುವವನೇ ಇಲ್ಲ" ಎಂದ. ಮಾತು ಚೆನ್ನಾಗಿದೆಯೆಂದು ಮೆಚ್ಚಿಕೊಂಡೆನೇ ಹೊರತು ಅದು ರೋಗಲಕ್ಷಣವೆಂದು ತಿಳಿಯಲಿಲ್ಲ. ವ್ಯಾಖ್ಯಾನವನ್ನೇ ವೃತ್ತಿಯಾಗಿಸಿಕೊಂಡವನ ಪಾಡು ಇದು!

ಕೊನೆಗೆ ಬೇರೊಬ್ಬ ವೈದ್ಯರು ಬೆಳಗಿನ ಎಂಟು ಗಂಟೆಗೆ ರಕ್ತ ತೆಗೆಸಿ ಕಾರ್ಟಿಸಾಲ್ ಅಳೆಸಿದರು. ತೀರ ಕಡಿಮೆ. ಥೈರಾಯ್ಡಿನ ಸ್ರಾವವೂ ಕುಗ್ಗಿತ್ತು. ಅವರು ತಿಳಿಸಿದ್ದಿಷ್ಟು: ತಲೆಬುರುಡೆಯ ತಳದಲ್ಲಿ ಕುದುರೆಯ ಜೀನಿನಾಕಾರದ ಕುಳಿಯೊಂದರಲ್ಲಿ ಈ ಗ್ರಂಥಿ ಕುಳಿತಿದೆ, ಅದರ ಎರಡೂ ಪಕ್ಕದಲ್ಲಿ ದೊಡ್ಡ ಅಪಧಮನಿಗಳು ಹಾಯುತ್ತವೆ. ಕೆಲವೊಮ್ಮೆ ಒಡೆಯದ ಉಬ್ಬೇ ಗ್ರಂಥಿಯನ್ನು ಅದುಮಬಹುದು. ಒಡೆದರೆ ಗ್ರಂಥಿಗೋ ಅದನ್ನಾಳುವ ಹೈಪೋಥಲಾಮಸ್ಸಿಗೋ ಪೆಟ್ಟಾಗಬಹುದು. ಆಗ ಅಡ್ರಿನಲ್, ಥೈರಾಯ್ಡ್ ಮೊದಲಾದ ಗ್ರಂಥಿಗಳಿಗೆ ಅಪ್ಪಣೆ ತಲುಪುವುದಿಲ್ಲ. ಅವು ಆರೋಗ್ಯವಾಗಿದ್ದೂ ಸುಮ್ಮನಿರುತ್ತವೆ.

ಚಿಕಿತ್ಸೆಯಲ್ಲೂ ಒಂದು ಕ್ರಮವುಂಟು. ಮೊದಲು ಹೈಡ್ರೋಕಾರ್ಟಿಸೋನ್, ಅನಂತರವೇ ಥೈರಾಕ್ಸಿನ್. ಹಿಂದುಮುಂದಾದರೆ ಪ್ರಾಣಕ್ಕೇ ಅಪಾಯ. ಹೈಡ್ರೋಕಾರ್ಟಿಸೋನ್ ಗುಳಿಗೆಯನ್ನು ತಾನಾಗಿ ನಿಲ್ಲಿಸಕೂಡದು. ಜ್ವರ ಬಂದರೆ ವೈದ್ಯರು ಹೇಳಿಕೊಟ್ಟಂತೆ ಹೆಚ್ಚಿಸಬೇಕು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ತಡಮಾಡದೆ ಇಂಜೆಕ್ಷನ್. ತಮ್ಮನ ಜೇಬಿನಲ್ಲಿ ಈಗ ಸದಾ ಇದನ್ನು ಬರೆದ ಚೀಟಿಯಿರುತ್ತದೆ. ಮಿದುಳಿನ ರಕ್ತಸ್ರಾವದಿಂದ ಬದುಕಿ ಬಂದವರು ನಿಮ್ಮ ಮನೆಯಲ್ಲಿದ್ದು, ತಿಂಗಳುಗಟ್ಟಲೆ ಹೀಗೆಯೇ ಸೊರಗಿದ್ದರೆ, ಹಾರ್ಮೋನುಗಳ ಪರೀಕ್ಷೆಯ ಮಾತನ್ನು ವೈದ್ಯರಲ್ಲಿ ನೀವೇ ಎತ್ತಿ.

ಔಷಧಿ ಹಿಡಿದ ಎರಡನೆಯ ವಾರ, ಹಾಲು ತರಲು ಯಾರೋ ಬಾಗಿಲು ತೆಗೆದ ಸದ್ದಿಗೆ ಎಚ್ಚರವಾಯಿತು. ಹೊರಬಂದು ನೋಡಿದರೆ ತಮ್ಮ. ಗದರಿದ್ದಕ್ಕೆ ಕ್ಷಮೆ ಕೇಳಬೇಕೆಂದುಕೊಂಡೆ. "ಚಿಲ್ಲರೆ ಎಲ್ಲಿಟ್ಟಿದ್ದೀಯಣ್ಣಾ?" ಎಂದು ಕೇಳಿದ.