ಬೆಟ್ಟದ ಮರೆಯ ಬುಧ

ಮಂಗಳ, ಗುರು, ಶನಿಗಳು ನಡುರಾತ್ರಿ ನೆತ್ತಿಯ ಬಳಿಗೂ ಬರಬಲ್ಲವು. ಬುಧ ಹಾಗಲ್ಲ. ಸೂರ್ಯನಿಂದ ಅದು 28 ಡಿಗ್ರಿಗಿಂತ ಹೆಚ್ಚು ದೂರ ಸರಿದಂತೆ ಕಾಣುವುದೇ ಇಲ್ಲ. ಆದ್ದರಿಂದ ಸಂಜೆ ಪಡುವಣದಲ್ಲಿ, ಇಲ್ಲವೇ ಬೆಳಗಿನ ಜಾವ ಮೂಡಣದಲ್ಲಿ, ದಿಗಂತದ ಹತ್ತಿರವೇ ಹುಡುಕಬೇಕು.

ಅಲ್ಲೇ ಬಿಳಿಗಿರಿರಂಗನ ಬೆಟ್ಟ ಅಡ್ಡ ಬರುತ್ತದೆ! ಹನೂರಿನವರಿಗೆ ಅದು ಪಡುವಣಕ್ಕೆ, ಯಳಂದೂರಿನವರಿಗೆ ಮೂಡಣಕ್ಕೆ. ಕೊಳ್ಳೇಗಾಲದವರು ಅದೃಷ್ಟವಂತರು, ಬೆಟ್ಟ ತೆಂಕಣಕ್ಕಿದೆ. ತೋಳು ಚಾಚಿ ಮೂರು ಬೆರಳು ಅಡ್ಡ ಹಿಡಿಯಿರಿ. ಅದು ಸುಮಾರು 5 ಡಿಗ್ರಿ. ಬೆಟ್ಟ ಅಷ್ಟು ಎತ್ತರಕ್ಕೆ ಕಂಡರೆ ಹನೂರಿನಲ್ಲಿ ಸಂಜೆಯ ಬುಧ ಸುಮಾರು 20 ನಿಮಿಷ ಮೊದಲೇ ಮರೆಯಾಗುತ್ತದೆ, ಯಳಂದೂರಿನಲ್ಲಿ ಮುಂಜಾನೆಯ ಬುಧ ಅಷ್ಟೇ ತಡವಾಗಿ ಕಾಣುತ್ತದೆ. ಯಳಂದೂರಿನವರೇ, ನಿಮಗೆ ಸಂಜೆಯ ಬುಧನೇ ವಾಸಿ. ಸೂರ್ಯ ಮುಳುಗಿದ ಅರ್ಧ ಗಂಟೆಗೆ ಬಯಲಿನ ಕಡೆ ನೋಡಿ.